ಮೂರು ನಿಮಿಷದ ಜೊತೆಗಾರ

"ನಿಮ್ಮೂರಲ್ಲಿ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಯಾವ ಅಂಗಡಿ ಬಾಗಿಲು ತೆಗೆಯುತ್ತೆ?"

ಹೆಡ್‌ಫೋನಿನಲ್ಲಿ ಅಪರಿಚಿತ ಹುಡುಗನ ದನಿ ಇಂಗ್ಲಿಷಿನಲ್ಲಿ ಕೇಳಿದಾಗ ಮಿಯಾವೊ ಸಿಚಿನ್ ಬೆವರಿದ್ದಳು.

ಚೀನಾದ ಲಾನ್‌ಝೋ ನಗರದ ಅವಳ ಕಾಲೇಜಿನಲ್ಲಿ ಅಂದು ಇಂಗ್ಲಿಷ್ ಮೌಖಿಕ ಪರೀಕ್ಷೆ. ಕಂಪ್ಯೂಟರ್ ಇಬ್ಬರು ಅಪರಿಚಿತರನ್ನು ಜೋಡಿ ಮಾಡುತ್ತದೆ. ಇಬ್ಬರೂ ತಮ್ಮೂರಿನ ಬಗ್ಗೆ ಮೂರು ನಿಮಿಷ ಚರ್ಚಿಸಬೇಕು; ಒಬ್ಬೊಬ್ಬರು ಆಡಿದ ಮಾತನ್ನು ಅಳೆದು ಯಂತ್ರವೇ ಅಂಕ ಕೊಡುತ್ತದೆ. ಎ ಶ್ರೇಣಿ ಬಂದರಷ್ಟೇ ಅವಳಿಗೆ ಮುಂದಿನ ವರ್ಷ ಓದು ಮುಗಿದ ಮೇಲೆ ತನ್ನೂರಿನ ಶಾಲೆಯಲ್ಲಿ ಶಿಕ್ಷಕಿಯ ಕೆಲಸ. ಹಾಸ್ಟೆಲಿನ ಎಲ್ಲರಂತೆ ಅವಳೂ ನಲವತ್ತು ಸಿದ್ಧ ವಾಕ್ಯಗಳನ್ನು ಬಾಯಿಪಾಠ ಮಾಡಿದ್ದಳು. ನಾಲ್ಕನೆಯ ವಾಕ್ಯಕ್ಕೇ ಎಲ್ಲವೂ ಮರೆತುಹೋದವು...

ಆಗಲೇ ಆ ಪ್ರಶ್ನೆ!

ಅಪ್ಪನ ನೂಡಲ್ಸ್ ಅಂಗಡಿ ಎಂದಳು. ಹಿಟ್ಟನ್ನು ಹೇಗೆ ಎಳೆಯುತ್ತಾರೆ, ಯಾರು ಮೊದಲು ಬರುತ್ತಾರೆ ಎಂದು ಅವನು ಕೇಳುತ್ತಲೇ ಹೋದ. ಅವಳು ಹೇಳುತ್ತಲೇ ಹೋದಳು. ಸಮಯ ಮುಗಿಯಿತು.

ಹೊರಗೆ ದನಿಯಿಂದಲೇ ಅವನನ್ನು ಗುರುತು ಹಿಡಿದು ನಿಲ್ಲಿಸಿದಳು. "ಏನೂ ಓದ್ಕೊಂಡು ಬಂದಿರ್ಲಿಲ್ಲ ಅಲ್ವಾ? ನನ್ನ ಹಿಂದೆ ಬಚ್ಚಿಟ್ಕೊಂಡ್ರಿ. ನಾನು ಬಾಯಿಪಾಠ ಮಾಡಿದ್ದನ್ನೂ ಹಾಳು ಮಾಡಿದ್ರಿ."

ಅವನು, ಭೌತಶಾಸ್ತ್ರ ವಿಭಾಗದ ತಾಂಗ್ ಯುವಾನ್‌ಶೆಂಗ್, ತಲೆಬಾಗಿಸಿ ಹೊರಟುಹೋದ.

ಎರಡು ತಿಂಗಳ ನಂತರ ಫಲಿತಾಂಶ ಬಂತು. ಅವಳಿಗೆ ಎ. ಅವನಿಗೆ ಸಿ.

"ಲೇ, ಅವನು ದಿನಾ ಬೆಳಿಗ್ಗೆ ಹಳದಿ ನದಿ ದಂಡೇಲಿ ಇಂಗ್ಲಿಷ್ ಓದೋನು ಕಣೇ," ಎಂದಳು ಕೋಣೆಯ ಗೆಳತಿ. "ಬಚ್ಚಿಟ್ಕೊಳ್ಳೋಕೆ ಅವನಿಗೇನು ಕರ್ಮ?"

ಸಿಚಿನ್‌ಗೆ ಆ ಮೂರು ನಿಮಿಷ ಮತ್ತೆ ಕೇಳಿಸತೊಡಗಿತು. ಅದರಲ್ಲಿ ಅವನ ಅಭಿಪ್ರಾಯದ ಒಂದು ವಾಕ್ಯವೂ ಇರಲಿಲ್ಲ. ಯಂತ್ರ ಅಳೆಯಲು ಅವನು ಏನನ್ನೂ ಉಳಿಸಿಕೊಂಡಿರಲಿಲ್ಲ... ಎಲ್ಲವನ್ನೂ ನನಗೇ ಬಿಟ್ಟುಕೊಟ್ಟನೇ?

ಮರುದಿನ ಬೆಳಿಗ್ಗೆ ನದಿಯ ದಂಡೆಯಲ್ಲಿ ಅವನೆದುರು ನಿಂತಳು. ಕ್ಷಮೆ ಕೇಳಿದಳು. ಶಾಲೆಯ ಕೆಲಸ ಖಚಿತವಾಯಿತೆಂದು ಹೇಳಿದಳು.

"ನಿಮ್ಮ ಉಸಿರು ನನ್ನ ಕಿವೀಲಿ ಕೇಳಿಸ್ತಿತ್ತು," ಎಂದ ಅವನು. "ತುಂಬಾ ಹೆದರಿದ್ರಿ. ನಾನು ಶುರು ಮಾಡಿದ್ರೆ ನಿಮಗೆ ಸಮಯಾನೇ ಇರ್ತಿರ್ಲಿಲ್ಲ. ನಂಗೇನು, ನವೆಂಬರ್‌ನಲ್ಲಿ ಮತ್ತೆ ಪರೀಕ್ಷೆ ಕೊಡಬಹುದು."

"ಗುರುತಿಲ್ಲದೋಳಿಗೆ ಅಷ್ಟೊಂದು ಯಾಕೆ?" ಅವಳು ಬೇಕೆಂದೇ ಇಂಗ್ಲಿಷಿನಲ್ಲಿ ಕೇಳಿದಳು.

ಅವನು ಇಂಗ್ಲಿಷಿನಲ್ಲಿ ಬಾಯಿ ತೆರೆದ, ನಿಲ್ಲಿಸಿದ. ನಂತರ ಲಾನ್‌ಝೋದ ಆಡುಮಾತಿನಲ್ಲಿ ಹೇಳಿದ: "ಮೊದಲನೇ ಪ್ರಶ್ನೆ ಸಹಾಯಕ್ಕೆ ಕೇಳ್ದೆ. ಆಮೇಲಿನವು... ನೀನು ಮಾತಾಡ್ತಾನೇ ಇರ್ಬೇಕು ಅನ್ನಿಸ್ತು."

ಅವಳು ಅವನ ಪಕ್ಕದ ಕಲ್ಲಿನ ಮೇಲೆ ಕುಳಿತಳು.

"ನವೆಂಬರ್‌ವರೆಗೂ ದಿನಾ ಬರ್ತೀನಿ. ನೀನು ಮಾತಾಡು, ನಾನು ಕೇಳ್ತೀನಿ."

"ನವೆಂಬರ್ ಆದ್ಮೇಲೆ?"

"ಆಗ್ಲೂ ಬರ್ತೀನಿ."