ಐದು ನಲವತ್ತರ ಎರಡು ರಿಂಗ್

"ಮೊದ್ಲು ಫೋನ್ ಇಡ್ರೀ."

ಬಾಗಿಲಿನಿಂದ ಬಂದ ದನಿಗೆ ಗಿರಿಜಾಂಬಿಕಾ ಬೆಚ್ಚಿದಳು. ರಿಸೀವರನ್ನು ಮಾತ್ರ ಕಿವಿಯಿಂದ ತೆಗೆಯಲಿಲ್ಲ.

ಬಾಗಿಲಲ್ಲಿ ಒಬ್ಬ ಯುವಕ ನಿಂತಿದ್ದ. ಹೆಗಲಿಗೆ ಚೀಲ, ಕೈಯಲ್ಲಿ ಹೆಲ್ಮೆಟ್, ಹುಬ್ಬಿನ ಮೇಲೂ ಧೂಳು. ಮುಖದಲ್ಲಿ ಧೂಳಿಗಿಂತ ಸಿಟ್ಟೇ ಹೆಚ್ಚಿತ್ತು.

"ಒಂದ್ನಿಮಿಷ," ಎಂದಳು.

"ಒಂದು ಗಂಟೆಯಿಂದ ಈ ಲೈನು ಎಂಗೇಜು. ಏನಾಯ್ತೋ ಅಂತ ತುರುವೇಕೆರೆಯಿಂದ ಬೈಕ್ ಓಡಿಸ್ಕಂಡು ಬಂದಿದೀನಿ. ಇಲ್ಲಿ ನೋಡಿದ್ರೆ ನೀವು ಹರಟೆ ಹೊಡೀತಾ ಕೂತಿದೀರಿ. ಇದೇನು ನಿಮ್ಮನೆ ಫೋನಾ?"

ಅವಳ ಕಣ್ಣು ತುಂಬಿಕೊಂಡಿತು. 'ಹರಟೆಯಂತೆ... ಇವನಿಗೇನು ಗೊತ್ತು?'

"ನಮ್ಮಕ್ಕನ್ನ ಹೆರಿಗೆಗೆ ಸೇರ್ಸಿದಾರೆ. ನಿನ್ನೆಯಿಂದ ಕಷ್ಟ ಪಡ್ತಿದಾಳೆ. ಪಕ್ಕದ ಮನೆಯೋರು ಸುದ್ದಿ ತರೋಕೆ ಹೋಗಿದಾರೆ, ಇಟ್ಬಿಟ್ರೆ ಮತ್ತೆ ಲೈನ್ ಸಿಗಲ್ಲ. ಬೈಯೋದಿದ್ರೆ ಬೈಕಳಿ. ಇಡಲ್ಲ."

ಅವನು ಹೆಲ್ಮೆಟ್ಟನ್ನು ಕೆಳಗಿಟ್ಟು ಗೋಡೆಯ ಪಕ್ಕದ ಕೊಬ್ಬರಿ ಮೂಟೆಯ ಮೇಲೆ ಕೂತುಬಿಟ್ಟ. ಇಪ್ಪತ್ತು ನಿಮಿಷ ಕಾದ.

ಕೊನೆಗೂ ಆ ಕಡೆಯಿಂದ ದನಿ ಬಂತು. ಗಿರಿಜಾ ಅಳುತ್ತಲೇ ನಕ್ಕಳು.

"ಹೆಣ್ಣು ಮಗುವಂತೆ... ಇಬ್ರೂ ಚೆನ್ನಾಗಿದಾರಂತೆ," ಎಂದು ಹೆಸರೂ ಗೊತ್ತಿಲ್ಲದ ಅವನಿಗೇ ಹೇಳಿದಳು.

"ಒಳ್ಳೇದಾಯ್ತು," ಎಂದ ಅವನು. "ಈಗ ಇಡ್ತೀರಾ?"

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ ಅದು. ಮೊಬೈಲು ಇನ್ನೂ ಸಾಹುಕಾರರ ಜೇಬಿನಲ್ಲಷ್ಟೇ ಇದ್ದ ಕಾಲ. ಮಾಯಸಂದ್ರದ ತೆಂಗು ಬೆಳೆಗಾರರ ಸಂಘದ ಶಾಖೆಯಲ್ಲಿ ಗಿರಿಜಾಂಬಿಕಾ ಕಂಪ್ಯೂಟರ್ ಆಪರೇಟರ್. ರೈತರು ತಂದ ಕೊಬ್ಬರಿಯ ತೂಕ, ಲಾಟ್ ನಂಬರ್ ಎಲ್ಲವನ್ನೂ ಅವಳು ಟೈಪ್ ಮಾಡಿದರೆ ಅದು ಮರುದಿನದ ಹರಾಜಿಗೆ ತಿಪಟೂರಿನ ಮುಖ್ಯ ಕಚೇರಿ ಸೇರುತ್ತಿತ್ತು.

ಬಂದವನು ಶಿವಮೂರ್ತಿ, ಸಂಘದ ನೆಟ್‌ವರ್ಕ್ ನೋಡಿಕೊಳ್ಳುವ ಎಂಜಿನಿಯರ್. ಅವತ್ತು ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎಲ್ಲ ತೋರಿಸಿದ.

"ಇದು ರೂಟರ್. ಕಂಪ್ಯೂಟರಿನ ದೊಡ್ಡ ಲೈನ್ ಸತ್ರೆ ತಾನಾಗೇ ಈ ಕರಿ ಫೋನಿನ ಲೈನಲ್ಲಿ ತಿಪಟೂರಿಗೆ ಡಯಲ್ ಮಾಡುತ್ತೆ. ಗಾಡಿಗೆ ಸ್ಟೆಪ್ನಿ ಇದ್ದಂಗೆ. ನೀವು ಮಾತಾಡ್ತಾ ಕೂತ್ರೆ ಅದೆಲ್ಲಿ ಮಾತಾಡ್ಬೇಕು ಹೇಳಿ?"

"ಈ ಪೆಟ್ಟಿಗೆ?"

"ಮೋಡೆಮ್. ಈ ಪುಟ್ಟ ಸ್ವಿಚ್ ನೋಡಿ, ಬಲಕ್ಕಿದ್ರೆ ಡಯಲ್ ಮಾಡುತ್ತೆ. ಎಡಕ್ಕೆ ತಳ್ಳಿದ್ರೆ ಡಯಲ್ ಮಾಡಲ್ಲ, ಬಂದ ಕರೇನೆಲ್ಲ ತಾನೇ ಎತ್ಕಳುತ್ತೆ, ಫೋನು ಬಡಕಳೋದೇ ಇಲ್ಲ. ಇದನ್ನ ಇಲ್ಲಿ ನಿಮಗೊಬ್ರಿಗೇ ಹೇಳಿರೋದು."

ಹೋಗುವಾಗ ರಿಪೋರ್ಟಿನಲ್ಲಿ 'ಇಲಿ ವೈರು ಕಡಿದಿತ್ತು' ಎಂದು ಬರೆದು ಸಹಿ ಹಾಕಿದ. ಅವಳ ಹೆಸರು ಎಲ್ಲೂ ಬರಲಿಲ್ಲ. ಮ್ಯಾನೇಜರ್ ದ್ರಾಕ್ಷಾಯಣಮ್ಮ ಮರುದಿನವೇ ಎರಡು ಇಲಿಬೋನು ತಂದಿಟ್ಟರು. ಮೋಡೆಮ್ಮಿನ ಕಿರುಚಾಟ ತಲೆನೋವೆಂದು ಅದರ ದನಿಯನ್ನೂ ಅಡಗಿಸಿದರು.

ಅಂದಿನಿಂದ ಒಂದು ಪದ್ಧತಿ ಶುರುವಾಯಿತು. ದಿನಾ ಸಂಜೆ ಐದು ನಲವತ್ತಕ್ಕೆ ಶಿವಮೂರ್ತಿ ಕರಿ ಫೋನಿಗೆ ಎರಡು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದ. ರಿಂಗ್ ಕೇಳಿದರೆ ಲೈನ್ ಜೀವಂತ ಇದೆ ಎಂದರ್ಥ, ಎತ್ತುವುದು ಬೇಡ.

ಆ ನಂಬರ್ ಬೇರೆ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಆ ಫೋನು ಅವನಿಗೆ ಬಿಟ್ಟು ಯಾರಿಗೂ ಬಡಿದುಕೊಳ್ಳುತ್ತಿರಲಿಲ್ಲ. ಐದೂವರೆಯಾದರೆ ಗಿರಿಜಾ ಸುಮ್ಮಸುಮ್ಮನೆ ಜಡೆ ಸರಿಮಾಡಿಕೊಳ್ಳುವಳು. ಫೋನಿನಲ್ಲಿ ಜಡೆ ಕಾಣುತ್ತದೆಯೇ? ಅವಳನ್ನು ಕೇಳುವವರು ಯಾರು!

ತಿಂಗಳಿಗೆರಡು ಸಲ ಅವನೇ ಬರುತ್ತಿದ್ದ. ಅವಳ ಡಬ್ಬಿಯ ಚಿತ್ರಾನ್ನದಲ್ಲಿ ಪಾಲು ತೆಗೆದುಕೊಳ್ಳುವಷ್ಟು ಸಲಿಗೆ ಬೆಳೆಯಿತು. ಹೀಗೇ ಆರು ತಿಂಗಳು.

ಆಫೀಸಿನಲ್ಲಿ ಆಯುಧ ಪೂಜೆ ಇಟ್ಟುಕೊಂಡ ದಿನ ಬೆಳಗ್ಗೆಯೇ ಬಂದ. ಕೆಲಸ ಮುಗಿದರೂ ಬೈಕ್ ಹತ್ತಲಿಲ್ಲ.

"ಗಿರಿಜಾ ಅವರೇ, ದಿನಾ ಎರಡು ರಿಂಗ್ ಕೊಡ್ತೀನಲ್ಲ... ಲೈನ್ ನೋಡೋಕೆ ಅಂತ ನೀವು ನಂಬಿದೀರಾ?"

"ಮೊದಲ ವಾರ ನಂಬಿದ್ದೆ."

ಅವನಿಗೆ ನಗು ಬಂತು. ಮರುಕ್ಷಣವೇ ಮುಖ ಗಂಭೀರವಾಯಿತು.

"ಮನೇಲಿ ಹುಡುಗಿ ನೋಡ್ತೀವಿ ಅಂತಿದಾರೆ. ನಾನು ನೋಡಾಗಿದೆ ಅಂತ ಹೇಳ್ಲಾ?"

ಗಿರಿಜಾ ಆಚೀಚೆ ನೋಡಿದಳು. ಎರಡು ಮಾರು ದೂರದಲ್ಲೇ ಕಸ ಗುಡಿಸುವ ಕೊಲ್ಲಾಪುರಮ್ಮ ಪೊರಕೆ ಹಿಡಿದು ನಿಂತಿದ್ದಾಳೆ. ಏನೆಂದು ಹೇಳುವುದು?

"ಬಾಯಲ್ಲಿ ಹೇಳೋದು ಬ್ಯಾಡ," ಎಂದ ಶಿವಮೂರ್ತಿ. "ಇವತ್ತು ಐದು ನಲವತ್ತಕ್ಕೆ ಫೋನ್ ಎತ್ತಿ. ಎತ್ತಿದ್ರೆ ಒಪ್ಪಿಗೆ. ಎತ್ತಲಿಲ್ಲ ಅಂದ್ರೆ ಮತ್ತೆ ಯಾವತ್ತೂ ಈ ಮಾತು ತೆಗೆಯಲ್ಲ."

'ಈಗಲೇ ಎತ್ತಿದೆ ಅಂದ್ಕೊಳ್ಳಿ' ಎಂದು ಕೂಗಿ ಹೇಳಬೇಕೆನಿಸಿತು ಅವಳಿಗೆ. ಕಡ್ಲೆಪುರಿಯ ಪೊಟ್ಟಣವನ್ನು ಅವನ ಕೈಗಿಟ್ಟು ಒಳಗೆ ಓಡಿಹೋದಳು.

ಮಧ್ಯಾಹ್ನ ಪೂಜೆ. ತಕ್ಕಡಿ, ಕಂಪ್ಯೂಟರು, ರೂಟರು, ಮೋಡೆಮ್ಮು ಒಂದನ್ನೂ ಬಿಡದೆ ಕೊಲ್ಲಾಪುರಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟಳು.

ಐದೂವರೆಗೇ ಗಿರಿಜಾ ಕರಿ ಫೋನಿನ ಮುಂದೆ ಕೂತಳು. ಐದು ಮೂವತ್ತೆಂಟು... ಮೂವತ್ತೊಂಬತ್ತು... ನಲವತ್ತು.

ಫೋನು ಬಡಿದುಕೊಳ್ಳಲಿಲ್ಲ.

ಅವಳ ಬೆನ್ನಿಗಿದ್ದ ಮೋಡೆಮ್ಮಿನ ಮೇಲೆ ಒಂದು ಕೆಂಪು ದೀಪ ಹೊತ್ತಿತು, ಐದಾರು ಕ್ಷಣ ಉರಿದು ಆರಿತು. ಅವಳ ಕಣ್ಣು ಫೋನಿನ ಮೇಲಿತ್ತು, ದೀಪವನ್ನು ನೋಡಲಿಲ್ಲ.

ಆರು ಗಂಟೆಗೆ ರಿಸೀವರ್ ಎತ್ತಿ ಕಿವಿಗಿಟ್ಟಳು. ಡಯಲ್ ಟೋನ್ ಇತ್ತು. 'ಲೈನ್ ಚೆನ್ನಾಗೇ ಇದೆ. ಅಂದರೆ ಅವರೇ ಮಾಡಲಿಲ್ಲ... ಮನಸ್ಸು ಬದಲಾಯಿಸಿಬಿಟ್ಟರು.'

ತಿಪಟೂರಿನಲ್ಲಿ ಶಿವಮೂರ್ತಿ ಆಗ ರಿಸೀವರ್ ಇಟ್ಟು ಸುಮ್ಮನೆ ಕೂತಿದ್ದ. ಅವನು ಐದು ನಲವತ್ತಕ್ಕೇ ಡಯಲ್ ಮಾಡಿದ್ದ. ಒಂದು ರಿಂಗೂ ಪೂರ್ತಿಯಾಗದೆ ಕಿವಿಗೆ ಬಿದ್ದದ್ದು ಮೋಡೆಮ್ಮಿನ ಕಿರುಚಾಟ. ಸ್ವಿಚ್ ಎಡಕ್ಕೆ ತಿರುಗಿದೆ. ಆ ಸ್ವಿಚ್ಚಿನ ಗುಟ್ಟು ಗೊತ್ತಿದ್ದದ್ದು ಅವಳೊಬ್ಬಳಿಗೆ. 'ಇಲ್ಲ ಅನ್ನೋಕೆ ಬಾಯಿ ಬರದೆ ಮೆಷಿನ್ ಕೈಲಿ ಹೇಳಿಸಿದಳು.'

ಮೂರು ತಾಲ್ಲೂಕಿನ ಯಂತ್ರಗಳ ತಪ್ಪನ್ನೆಲ್ಲ ಹುಡುಕಿ ತೆಗೆಯುವ ಮಹಾರಾಯನಿಗೆ, ಈ ಒಂದು ಸಲ ತಪ್ಪು ಯಂತ್ರದ್ದಿರಬಹುದು ಎಂದು ಹೊಳೆಯಲೇ ಇಲ್ಲ.

ಮುಂದಿನ ವಾರ ಅವನ ಬದಲು ಹಿರಿಯ ಎಂಜಿನಿಯರ್ ಗೌಸ್ ಪೀರ್ ಬಂದು ದೊಡ್ಡ ಲೈನ್ ನೋಡಿಕೊಂಡು ಹೋದರು. "ಶಿವು ಇನ್ಮೇಲೆ ಹಂದನಕೆರೆ, ಕಂದಿಕೆರೆ ಕಡೆ ಹೋಗ್ತೀನಿ ಅಂದ ಕಣಮ್ಮ. ಅವನೇ ಕೇಳಿ ತಗಂಡ."

'ಅವನೇ ಕೇಳಿ ತಗಂಡ...' ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಒಮ್ಮೆ ತಿಪಟೂರಿಗೆ ಫೋನ್ ಮಾಡಿ, "ಯಾರು ಅಂತ ಹೇಳ್ಲಿ?" ಎಂದು ಆ ಕಡೆಯವರು ಕೇಳಿದ ಕೂಡಲೇ ಇಟ್ಟುಬಿಟ್ಟಳು. ಆದರೂ ದಿನಾ ಸಂಜೆ ಆ ಹೊತ್ತಿಗೆ ಕರಿ ಫೋನಿನ ಪಕ್ಕದಲ್ಲೇ ಕೂರುತ್ತಿದ್ದಳು. ಡಬ್ಬಿ ಅನ್ನ ಅರ್ಧಕ್ಕೇ ಮನೆಗೆ ವಾಪಸಾಗುತ್ತಿತ್ತು.

ಮೂರು ವಾರ ಕಳೆಯಿತು.

ಅವತ್ತು ಮಧ್ಯಾಹ್ನ ರಸ್ತೆ ಬದಿಯ ತೋಟದಲ್ಲಿ ಮರ ಹತ್ತಿದ್ದವರು ಕಡಿದ ಗೊನೆ ಸೀದಾ ಕೇಬಲ್ ಮೇಲೆ ಬಿತ್ತು. ದೊಡ್ಡ ಲೈನ್ ಸತ್ತಿತು. ಮರುದಿನ ಹರಾಜು, ಆರರೊಳಗೆ ಲಾಟ್ ಪಟ್ಟಿ ತಿಪಟೂರು ಸೇರಬೇಕು. ರೂಟರ್ ಸ್ಟೆಪ್ನಿ ಲೈನಿಗೆ ಡಯಲ್ ಮಾಡಬೇಕಿತ್ತು. ಮಾಡಲಿಲ್ಲ.

ಗಿರಿಜಾ ಆಫೀಸಿನ ಇನ್ನೊಂದು ಫೋನಿನಲ್ಲಿ ಗೌಸ್ ಪೀರ್‌ಗೆ ಹೇಳಿದಳು.

"ನಾನು ಬರೋ ಹೊತ್ತಿಗೆ ಕತ್ತಲಾಗ್ತದೆ ಕಣಮ್ಮ. ನೀನೇ ನೋಡು, ನಾನು ಹೇಳ್ತೀನಿ. ಮೋಡೆಮ್ ಏನೇನು ಮಾಡ್ತು ಅಂತ ರೂಟರ್ ಬರೆದಿಟ್ಟಿರ್ತದೆ. ಆ ಪಟ್ಟಿ ತೆಗೆದು ಓದು."

ಅವರು ಹೇಳಿದ್ದನ್ನು ಟೈಪ್ ಮಾಡಿದಳು. ಪರದೆಯ ಮೇಲೆ ಸಾಲುಗಳು ಬಂದವು.

"ಕರೆ ಬಂತು, ಎತ್ತಿದೆ, ಕಟ್ ಆಯ್ತು. ಆರು ಸೆಕೆಂಡು. ನಿನ್ನೆ ಸಂಜೆ ಐದು ನಲವತ್ತು." ಅವಳ ದನಿ ತಗ್ಗಿತು. "ಮೊನ್ನೆ ಐದು ನಲವತ್ತು... ಅದರ ಹಿಂದಿನ ದಿನ ಐದು ನಲವತ್ತು..."

"ಎಷ್ಟು ಸಾಲು ಐತೆ?"

"ಹದಿನೇಳು, ಗೌಸಣ್ಣ."

ಮೊದಲನೆಯದು ಆಯುಧ ಪೂಜೆಯ ದಿನದ್ದು.

'ಮಾಡಿದ್ದರು... ಅವತ್ತೂ ಮಾಡಿದ್ದರು. ರಜೆ ಬಿಟ್ಟರೆ ಒಂದು ದಿನವೂ ತಪ್ಪಿಸಿಲ್ಲ.'

"ಯಾವನಮ್ಮ ಅವನು ದಿನಾ ಫೋನ್ ಮಾಡೋನು? ಅದಿರಲಿ, ಮೋಡೆಮ್ ಯಾಕೆ ಎತ್ತುತ್ತೆ? ಮುಂದ್ಗಡೆ ಸ್ವಿಚ್ ಯಾವ ಕಡೆ ಐತೆ ನೋಡು."

ಶಿವಮೂರ್ತಿ ಒಮ್ಮೆ ತೋರಿಸಿ, ಅವಳು ಮರೆತೇಬಿಟ್ಟಿದ್ದ ಆ ಸ್ವಿಚ್ಚು ಎಡಕ್ಕಿತ್ತು. ಸ್ವಿಚ್ಚಿನ ಸಂದಿಯಲ್ಲಿ ಒಣಗಿದ ಕುಂಕುಮ.

ಕೊಲ್ಲಾಪುರಮ್ಮ ಇಣುಕಿ ನೋಡಿದಳು. "ಹಬ್ಬದಲ್ಲಿ ನಾನೇ ಕುಂಕುಮ ಇಕ್ಕಿದ್ದು ಕಣವ್ವ. ಬೊಟ್ಟಿಡಕ್ಕೆ ಅದೊಂದು ಮೊಳೆ ಅಡ್ಡ ಬತ್ತಿತ್ತು, ಪಕ್ಕಕ್ಕೆ ಸರಿಸ್ದೆ. ತಪ್ಪಾಯ್ತಾ?"

ಗಿರಿಜಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಗೌಸಣ್ಣ, ಶಿವಮೂರ್ತಿಯವರು ಎಲ್ಲಿದಾರೆ?"

"ಕಂದಿಕೆರೆಲಿ. ಇವತ್ತೇ ಅವನ ಕೊನೆ ದಿನ ಇಲ್ಲಿ. ಸಂಜೆ ಬಸ್ಸಿಗೆ ಅಲ್ಲಿಂದಲೇ ಬಳ್ಳಾರಿಗೆ ಹೋಗ್ತಾನೆ, ತಾನೇ ವರ್ಗ ಕೇಳ್ಕಂಡ. ಯಾಕಮ್ಮ?"

"ಒಂದು ಮಾತು ಹೇಳ್ಬೇಕಿತ್ತು."

"ಎಲ್ಲಿ ಅಂತ ಹುಡುಕ್ಲಿ ಅವನನ್ನ? ಲಾಟ್ ಪಟ್ಟಿ ಕಳಿಸು ಮೊದ್ಲು. ಎರಡು ನಿಮಿಷ ಏನೂ ಹೋಗ್ದಿದ್ರೆ ಲೈನು ತಾನೇ ಕಟ್ ಆಗ್ತದೆ, ನಡುವೆ ನಿಲ್ಲಿಸ್ಬೇಡ."

ಅವಳು ಸ್ವಿಚ್ಚನ್ನು ಬಲಕ್ಕೆ ತಳ್ಳಿದಳು. ರೂಟರ್ ಡಯಲ್ ಮಾಡಿತು. ಸ್ಟೆಪ್ನಿ ಲೈನ್ ಎದ್ದಿತು. ಆಫೀಸಿನವರೆಲ್ಲ ನಿಟ್ಟುಸಿರುಬಿಟ್ಟರು.

ಗಿರಿಜಾ ಮಾತ್ರ ಗೋಡೆ ಗಡಿಯಾರ ನೋಡಿದಳು. ಲಾಟ್ ಪಟ್ಟಿ ಹೋಗುತ್ತಿರುವುದು ಕರಿ ಫೋನಿನ ಲೈನಿನಲ್ಲಿ. ಇದು ಮುಗಿಯದಿದ್ದರೆ ಐದು ನಲವತ್ತಕ್ಕೆ ಅವನಿಗೆ ಕೇಳುವುದು ಎಂಗೇಜ್ ಟೋನ್. ಆಮೇಲೆ ಬಳ್ಳಾರಿ ಬಸ್ಸು.

ಅವತ್ತು ಅವಳ ಬೆರಳು ಓಡಿದ ಹಾಗೆ ಯಾವತ್ತೂ ಓಡಿರಲಿಲ್ಲ. ಐದೂವರೆಗೆ ನಲವತ್ತು ಲಾಟ್ ಉಳಿದಿತ್ತು. ಐದು ಮೂವತ್ತಾರಕ್ಕೆ ಕೊನೆಯದೂ ಹೋಯಿತು.

ಪಕ್ಕದ ಕಂಪ್ಯೂಟರಿನಲ್ಲಿ ತೂಕದ ಗುಮಾಸ್ತ ದುರ್ಗಯ್ಯ ಯಾವುದೋ ತಿದ್ದುಪಡಿಗೆ ಕೈ ಹಾಕಿದ್ದರು.

"ದುರ್ಗಯ್ಯನೋರೇ, ಕೈ ತೆಗೀರಿ. ದಯವಿಟ್ಟು ಯಾರೂ ಏನೂ ಮುಟ್ಬೇಡಿ."

ದ್ರಾಕ್ಷಾಯಣಮ್ಮ ಕನ್ನಡಕದ ಮೇಲಿಂದ ನೋಡಿದರು. "ಏನೇ ಇದು ಗಿರಿಜಾ?"

"ಎರಡು ನಿಮಿಷ ಏನೂ ಕಳಿಸ್ದಿದ್ರೆ ಲೈನ್ ಬಿಡುತ್ತೆ ಮೇಡಮ್. ಐದು ನಲವತ್ತಕ್ಕೆ ಈ ಲೈನ್ ನಂಗೆ ಬೇಕು." ಅವಳು ಮ್ಯಾನೇಜರ್ ಕಡೆ ತಿರುಗಿದಳು. "ಮೇಡಮ್... ಅವತ್ತು ಇಲಿ ವೈರು ಕಡಿದಿರ್ಲಿಲ್ಲ."

"ಗೊತ್ತು. ಎರಡು ಬೋನಿಗೂ ಒಂದಿಲಿ ಬೀಳಲಿಲ್ಲ," ಎಂದರು ದ್ರಾಕ್ಷಾಯಣಮ್ಮ. "ದುರ್ಗಯ್ಯ, ಕೈ ತೆಗೀರಿ."

ಎಲ್ಲರೂ ಕೈಕಟ್ಟಿ ಕೂತರು. ಐದು ಮೂವತ್ತೊಂಬತ್ತಕ್ಕೆ ಮೋಡೆಮ್ಮಿನ ದೀಪ ಆರಿತು.

ಐದು ನಲವತ್ತು.

'ಇವತ್ತು ಮಾಡುತ್ತಾರಾ? ಹೊರಡುವ ದಿನ... ಮಾಡುತ್ತಾರಾ?'

ಫೋನು ಬಡಿದುಕೊಂಡಿತು. ಮೂರು ವಾರದಿಂದ ಕೇಳದ ಆ ಸದ್ದು! ಎರಡನೇ ರಿಂಗ್ ಶುರುವಾಗುವ ಮೊದಲೇ ಎತ್ತಿದಳು.

ಆ ಕಡೆ ದೂರದಲ್ಲೆಲ್ಲೋ ಬಸ್ಸಿನ ಹಾರ್ನ್.

"ಹಲೋ," ಎಂದಳು.

"...ಗಿರಿಜಾ?"

"ಹೂಂ. ಎತ್ತಿದೀನಿ."

"ಇವತ್ತಾ?"

"ಮೊದಲ ದಿನಾನೂ ಎತ್ತೋಕೇ ಕೂತಿದ್ದೆ. ನಿಮ್ಮ ಮೋಡೆಮ್ ನಂಗಿಂತ ಮುಂಚೆ ಎತ್ಬಿಡ್ತು. ಕೊಲ್ಲಾಪುರಮ್ಮ ಕುಂಕುಮ ಇಡೋಕೆ ಸ್ವಿಚ್ ತಳ್ಳಿದ್ಲಂತೆ."



"ಹದಿನೇಳು ದಿನ ಆ ಕಿರುಚಾಟ ಕೇಳಿದೀನಿ ಕಣ್ರೀ. ನೀವೇ ಇಲ್ಲ ಅಂತಿದೀರಿ ಅನ್ಕಂಡು."

"ಇಲ್ಲ ಅನ್ಕಂಡ ಮೇಲೂ ಯಾಕೆ ಮಾಡ್ತಿದ್ರಿ?"

"ಆ ಪೆಟ್ಟಿಗೆ ನಿಮ್ಮ ಪಕ್ಕದಲ್ಲೇ ಇರುತ್ತಲ್ಲ... ಅಷ್ಟು ಸಾಕು ಅಂತ."

ಅವಳ ಕೆನ್ನೆಯ ಮೇಲೆ ನೀರಿಳಿಯಿತು. ಒರೆಸಿಕೊಳ್ಳಲೂ ಇಲ್ಲ.

"ಊರವರ ಲೈನೆಲ್ಲ ರಿಪೇರಿ ಮಾಡ್ತೀರಿ. ಒಂದ್ಸಲ ಬಂದು ಆ ಸ್ವಿಚ್ ನೋಡ್ಬಾರ್ದಿತ್ತಾ?"

"ಹೆದರಿಕೆ ಆಯ್ತು. ಬಂದು ನೋಡಿ, ಏನೂ ಕೆಟ್ಟಿಲ್ಲ ಅಂತ ಗೊತ್ತಾದ್ರೆ ಏನ್ಮಾಡ್ಲಿ ಅಂತ."

"ಬಳ್ಳಾರಿ ಬಸ್ಸು?"

"ಹೋಗ್ಲಿ ಬುಡಿ." ಅವನ ದನಿಯಲ್ಲಿ ಈಗ ನಗು ಇಣುಕಿತು. "ಮನೇಲಿ ಏನಂತ ಹೇಳ್ಲಿ?"

"ಹುಡುಗಿ ನೋಡಾಗಿದೆ ಅಂತ ಹೇಳಿ. ಫೋನೂ ಎತ್ತಿದ್ಲು ಅಂತ ಹೇಳಿ."

ಹಿಂದಿನಿಂದ ದುರ್ಗಯ್ಯ ಮೆಲ್ಲಗೆ ಕೆಮ್ಮಿದರು. "ಒಂದು ಲಾಟಿನ ತೂಕ ತಿದ್ದೋದು ಉಳ್ದೈತೆ ಕಣಮ್ಮ. ಸ್ಟೆಪ್ನಿ ಲೈನು ಬೇಕಲ್ಲ..."

ಅದು ಕಂದಿಕೆರೆಯವರೆಗೂ ಕೇಳಿಸಿತು.

"ದೊಡ್ಡ ಲೈನ್ ಸತ್ತಿದೆಯಾ?" ಎಂದ ಶಿವಮೂರ್ತಿ. "ಹಂಗಾದ್ರೆ ರೂಟರಿಗೆ ಈ ಲೈನ್ ಬೇಕು. ಮೊದ್ಲು ಫೋನ್ ಇಡ್ರೀ."

ಗಿರಿಜಾಂಬಿಕಾ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಡಲ್ಲ," ಎಂದಳು.