ಹೊಳೆಯಕ್ಕಗಳ ಬೋಗುಣಿ

ಚರಿತ್ರೆಯಲ್ಲಿ ರಾಜ್ಯಗಳು ಉರುಳಿವೆ, ವಂಶಗಳು ಅಳಿದಿವೆ, ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದಾರೆ. ಇವೆಲ್ಲ ದೊಡ್ಡ ಸಂಗತಿಗಳೇ ಇರಬಹುದು. ಆದರೆ ದಾವಣಗೆರೆಯ ಹಳೇಪೇಟೆಯ ಒಂದು ಮನೆಯಲ್ಲಿ, ಯುಗಾದಿಯ ಮರುದಿನ, ಕೊನೆಯ ಹೋಳಿಗೆ ಯಾರ ಪಾಲಾಯಿತು ಎಂಬ ಪ್ರಶ್ನೆಯ ಮುಂದೆ ಅವು ಸಣ್ಣವು. ಈ ಒಂದು ವಿಷಯದಲ್ಲಿ ನಯನಾಳಿಗೆ ಸಂಶಯವಿರಲಿಲ್ಲ. ಉಳಿದ ಎಲ್ಲ ವಿಷಯಗಳಲ್ಲೂ ಇತ್ತು.

ನಯನಾಳಿಗೆ ಹನ್ನೊಂದು ವರ್ಷ. ಮನೆಗೆಲ್ಲ ಚಿಕ್ಕವಳು, ಆದ್ದರಿಂದ ಊಟದ ಪಂಕ್ತಿಗೂ ಕೊನೆಯವಳು. ಆ ವರ್ಷ ಯುಗಾದಿಯ ಬೆನ್ನಿಗೇ ರಂಜಾನ್ ಬಂದಿತ್ತು. ಪಕ್ಕದ ಮನೆಯ ಶಮೀಮ್ ಆಂಟಿ ಸ್ಟೀಲ್ ಡಬ್ಬಿ ತುಂಬ ಶೀರ್ ಖುರ್ಮಾ ಕಳಿಸಿದರು. ದೊಡ್ಡವರು ಕುಡಿದರು, ಪಿಯುಸಿ ಓದುವ ಅಣ್ಣ ವೀರೇಶ ಎರಡು ಸಲ ಕುಡಿದ, ನಯನಾಳ ಸರದಿ ಬರುವ ಹೊತ್ತಿಗೆ ಡಬ್ಬಿಯ ತಳದಲ್ಲಿ ಒಂದೆರಡು ದ್ರಾಕ್ಷಿ ಅಂಟಿಕೊಂಡಿದ್ದವು. ಅದನ್ನೂ ಅವಳು ಸಹಿಸಿದಳು. ಯಾಕೆಂದರೆ ಬುಟ್ಟಿಯಲ್ಲಿ ಅವಳಿಗೆಂದು ಒಂದು ಹೋಳಿಗೆ ಇತ್ತು. ಮರುದಿನದ ಹೋಳಿಗೆ, ತುಪ್ಪ ಹಾಕಿ ಹೆಂಚಿನ ಮೇಲೆ ಬಿಸಿ ಮಾಡಿದರೆ ಅಂಚು ಕರುಂ ಎನ್ನುವಂಥದ್ದು. ಅಷ್ಟರಲ್ಲಿ ಅಜ್ಜಿ ಮರುಳಸಿದ್ದಮ್ಮ ಶಮೀಮ್ ಆಂಟಿಯ ಡಬ್ಬಿಯನ್ನು ತೊಳೆದು, ಸೆರಗಿನಿಂದ ಒರೆಸಿ, ಆ ಹೋಳಿಗೆಯನ್ನು ಮಡಚಿ ಅದರೊಳಗೆ ಇಟ್ಟುಬಿಟ್ಟಳು.

“ಅಜ್ಜಿ, ಅದು ನಂದು!”

“ಮಂದಿ ಡಬ್ಬಿ ಖಾಲಿ ಕೊಡಾಕಾಗುತ್ತೇನೆ ಹುಚ್ಚಿ? ಮುಂದಿನ ಸಲ ಮಾಡ್ದಾಗ ನಿಂಗೆ ಎರಡು.”

ಮುಂದಿನ ಸಲ! ಆ ಮನೆಯಲ್ಲಿ ನಯನಾಳಿಗೆ ಸಲ್ಲಬೇಕಾದದ್ದೆಲ್ಲ ಹುಟ್ಟಿದಾಗಿನಿಂದ ಆ ಒಂದು ಖಾತೆಗೇ ಜಮೆಯಾಗುತ್ತ ಬಂದಿತ್ತು. ಅವಳು ಅಳಲಿಲ್ಲ. ಅಳುವುದು ಸುಳಿವು ಬಿಟ್ಟುಕೊಟ್ಟಂತೆ ಎಂದು ಅವಳ ನಂಬಿಕೆ. ಈ ಹಿಂದೆ ಶಾಲೆಯ ಗಡಿಯಾರದ ಮುಳ್ಳು ತಿರುಗಿಸಿ ಒಂದು ಇಡೀ ಗಣಿತದ ಪರೀಕ್ಷೆಯನ್ನೇ ಮಾಯ ಮಾಡಿದ್ದಳು. ಶಿಕ್ಷೆಯಾದದ್ದು ಗಡಿಯಾರಕ್ಕೆ, ಅದನ್ನು ರಿಪೇರಿಗೆ ಕಳಿಸಿದರು. ವೀರೇಶನ ಸೈಕಲ್ ಬೆಲ್ಲನ್ನು ತಾನೇ ಕದ್ದು, ತಾನೇ ಹುಡುಕಿಕೊಟ್ಟು, ಐಸ್‌ಕ್ರೀಮಿನ ಇನಾಮು ತಿಂದಿದ್ದಳು. ಇಂಥ ಕೈಗೆ ಕೊನೆಯ ಹೋಳಿಗೆಗಾಗಿ ಕಾಯುವ ಗತಿಯೆ? ಅವಳಿಗೆ ಬೇಕಾದದ್ದು ಹೋಳಿಗೆಯಲ್ಲ. ಎಂದೂ ತಳ ಕಾಣದ ಪಾತ್ರೆ.

ಅಂಥ ಪಾತ್ರೆ ಎಲ್ಲಿದೆ ಎಂಬುದನ್ನು ಅಜ್ಜಿಯೇ ಹೇಳಿದ್ದಳು, ಅದರ ಬೆಲೆ ತಿಳಿಯದೆ. ಅಜ್ಜಿಯ ತವರು ನಂದಿಗುಡಿ, ತುಂಗಭದ್ರೆಯ ಕಡೆಯ ಊರು. ಹರಿಹರದ ಮೇಲ್ಗಡೆ ಹೊಳೆಯಲ್ಲಿ ಒಂದು ಮಡು ಇದೆ, ಎಂಥ ಬೇಸಿಗೆಗೂ ಬತ್ತದ್ದು. ಅದರೊಳಗೆ ಏಳು ಜನ ಹೊಳೆಯಕ್ಕಗಳು, ನೀರಿನ ದೇವತೆಯರು, ಇರುತ್ತಾರೆ. ಶಮೀಮ್ ಆಂಟಿಗೂ ಅವರು ಗೊತ್ತು, ಆಕೆ ಪರಿಗಳು ಅನ್ನುತ್ತಾರೆ. ಹಿಂದೆ ಬಡವರ ಮನೆಯಲ್ಲಿ ಕಾರ್ಯವಿದ್ದರೆ ಮಟಮಟ ಮಧ್ಯಾಹ್ನ ಮಡುವಿನ ದಂಡೆಗೆ ಹೋಗಿ, ಅರಿಷಿಣ ಕುಂಕುಮ ಇಟ್ಟು, ಹೆಸರು ಮನೆತನ ಹೇಳಿ ಕೇಳಿದರೆ ಸಾಕು, ನೀರಿನಿಂದ ಒಂದು ಹಿತ್ತಾಳೆ ಬೋಗುಣಿ ಮೇಲೆ ಬರುತ್ತಿತ್ತು. ಅದರಲ್ಲಿ ಏನೇ ಹಾಕಿ, ಹಸಿದವರು ಇನ್ನೊಬ್ಬರಿದ್ದಾರೆ ಎನ್ನುವವರೆಗೂ ತಳ ಕಾಣದು. ಕಾರ್ಯದ ದಿನವೇ ತೊಳೆದು, ಬಟ್ಟೆಯಲ್ಲಿ ಕಟ್ಟಿ, ನೀರಿಗೆ ಬಿಡಬೇಕು. ಮೋಸ ಮಾಡಿದವರು ಅಕ್ಕಗಳ ಪಾತ್ರೆ ತಿಕ್ಕಬೇಕು.

“ಈಗ್ಯಾಕ ಅವ್ರು ಕೊಡಲ್ಲ?” ಎಂದು ನಯನಾ ಕೇಳಿದ್ದಳು.

“ಕೊಡಲ್ಲ ಅಂದೋರ್ಯಾರು? ಕೇಳೋರು ಇಲ್ಲ. ಶಾಮಿಯಾನದೋರು ಬಾಡಿಗೆಗೆ ಕೊಡಾಕೆ ಹತ್ತಿದ್ರಲ್ಲ.”

ನಯನಾ ಆ ರಾತ್ರಿಯೇ ಯೋಜನೆ ಮುಗಿಸಿದಳು. ಬೋಗುಣಿಯನ್ನು ಕೇಳಿ ತರುವುದು, ಅಂಥದ್ದೇ ಇನ್ನೊಂದನ್ನು ಮಾಡಿಸುವುದು, ನಕಲನ್ನು ಹಿಂದಿರುಗಿಸುವುದು. ಇದರ ಸೊಗಸು ಇದ್ದದ್ದು ಒಂದೇ ಮಾತಿನಲ್ಲಿ: ಬೋಗುಣಿಯನ್ನು ಪರೀಕ್ಷಿಸಬೇಕಾದರೆ ಅದರೊಳಗೆ ತಿನ್ನುವ ಪದಾರ್ಥ ಇರಬೇಕು. ನೀರಿನೊಳಗೆ ಒಲೆ ಹೊತ್ತುವುದಿಲ್ಲ, ಅಕ್ಕಗಳು ಅಡುಗೆ ಮಾಡುವುದಿಲ್ಲ. ತೊಳೆದಿಟ್ಟ ಬೋಗುಣಿ ಯಾವುದಾದರೇನು? ಇನ್ನು ಬೇರೆ ಯಾರಾದರೂ ಎರವಲು ಒಯ್ದರೆ ಗುಟ್ಟು ಬಯಲಾದೀತು. ಆದರೆ ಒಯ್ಯುವವರೇ ಇಲ್ಲವಲ್ಲ. ಶಾಮಿಯಾನದವರಿಗೆ ಅವಳು ಮನಸ್ಸಿನಲ್ಲೇ ಕೈ ಮುಗಿದಳು.

ಸುಳ್ಳು ಹೇಳುವವರು ಸಿಕ್ಕಿಬೀಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೇ ಒಂದನ್ನು ಬಿಟ್ಟು ಉಳಿದದ್ದೆಲ್ಲ ನಿಜವನ್ನೇ ಹೇಳಲು ತೀರ್ಮಾನಿಸಿದಳು. ಕಾರ್ಯವೂ ನಿಜವಾದದ್ದೇ ಸಿಕ್ಕಿತು. ಹರಿಹರದಲ್ಲಿರುವ ಅತ್ತೆ ರೂಪಶ್ರೀ ಬಸುರಿ, ಬೇಸಿಗೆ ರಜೆಯಲ್ಲಿ ಅವಳ ಕುಬುಸ, ಅಂದರೆ ಸೀಮಂತ. ಅದರ ಮಾತುಕತೆಗೆಂದು ಅಜ್ಜಿ ಹರಿಹರದ ಬಸ್ಸು ಹತ್ತಿದಾಗ ನಯನಾಳೂ ಹತ್ತಿದಳು. ದೊಡ್ಡವರು ಮಾತಿಗೆ ಕೂತ ಹೊತ್ತಿಗೆ ಚೀಲ ಹಿಡಿದು ಹೊಳೆಯ ಕಡೆ ಜಾರಿಕೊಂಡಳು.

ಮಧ್ಯಾಹ್ನದ ಬಿಸಿಲಿಗೆ ಹೊಳೆಯ ದಂಡೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಹೊಳೆ ಎಂದರೆ ಆಗ ಬರೀ ಮರಳು, ಬಂಡೆ. ಮಡು ಮಾತ್ರ ಹಸಿರಾಗಿ, ಯಾರನ್ನೋ ನೋಡುತ್ತಿರುವ ಕಣ್ಣಿನ ಹಾಗೆ ಬಿದ್ದಿತ್ತು. ನಯನಾ ಅರಿಷಿಣ ಕುಂಕುಮ ಇಟ್ಟು ಕೇಳಿದಳು. ಬೋಗುಣಿಯೊಂದೇ ಬರುತ್ತದೆ ಎಂದುಕೊಂಡಿದ್ದಳು. ಬೋಗುಣಿ ಹಿಡಿದುಕೊಂಡು ಒಬ್ಬ ಹುಡುಗಿಯೂ ಬಂದಳು. ಒದ್ದೆ ಲಂಗ, ಹಸಿರು ಬಳೆ, ನೋಡಲು ನಯನಾಳದೇ ವಯಸ್ಸು. ಕಣ್ಣು ಮಾತ್ರ ಬಹಳ ಹಳೆಯವು.

“ಯಾರ ಮನೇಳು?”

“ದಾವಣಗೆರೆ ಹಳೇಪೇಟೆ ಮರುಳಸಿದ್ದಮ್ಮನ ಮೊಮ್ಮಗಳು. ನಯನಾ. ನಮ್ಮತ್ತೇದು ಕುಬುಸ ಐತೆ.”

“ಈಗಿನೋರೆಲ್ಲ ಶಾಮಿಯಾನದೋರ ಹತ್ರ ತರ್ತಾರೆ. ನೀ ಯಾಕ ಬಂದಿ?”

ಈ ಪ್ರಶ್ನೆಗೆ ಉತ್ತರ ಸಿದ್ಧವಿತ್ತು. “ಅವರ ಪಾತ್ರೆ ಸೋಪಿನ ವಾಸನೆ ಹೊಡೀತಾವೆ.”

ಹುಡುಗಿಗೆ ನಗು ಬಂತು. “ನಾ ಏಳನೇಳು, ಎಲ್ಲರಿಗಿಂತ ಕಿರೇಳು. ಕೊಡಾದು, ಇಸ್ಕೊಳ್ಳಾದು, ಕಾಯಾದು ಎಲ್ಲಾ ನಂದೇ. ತಿನ್ನಾಕೆ ಏನಾರ ಬಂದ್ರೆ ಮಾತ್ರ ದೊಡ್ಡೋರದ್ದೆಲ್ಲ ಆದ ಮ್ಯಾಲೆ.”

ಇವಳೂ ತನ್ನಂಥವಳೇ ಎಂದು ನಯನಾಳಿಗೆ ಒಂದು ಕ್ಷಣ ಅನಿಸಿತು. ಇದೂ ಒಂದು ತಂತ್ರವಿರಬಹುದು ಎಂದು ತಕ್ಷಣ ಎಚ್ಚರವಾದಳು.

“ಕಾರ್ಯದ ದಿನಾನೇ ತಂದು ಕೊಡ್ಬೇಕು. ಮೋಸಗೀಸ ಆದ್ರೆ ನಮ್ಮ ಪಾತ್ರೆ ತಿಕ್ಕಬೇಕು, ಗೊತ್ತಲ್ಲ?”

“ಎಷ್ಟು ಪಾತ್ರೆ?”

ಹುಡುಗಿ ಅವಳನ್ನೇ ನೋಡಿದಳು. “ಇದುವರ್ಗೆ ಯಾರೂ ಅದನ್ನ ಕೇಳಿರ್ಲಿಲ್ಲ. ನೀ ಯಾಕ ಕೇಳ್ತಿ?”

ಆ ಒಂದು ಪ್ರಶ್ನೆಗಾಗಿ ನಯನಾ ದಾವಣಗೆರೆ ಬರುವವರೆಗೂ ಬಸ್ಸಿನಲ್ಲಿ ತನ್ನನ್ನು ತಾನೇ ಬೈದುಕೊಂಡಳು. ಮನೆಗೆ ಬಂದವಳೇ ಅಟ್ಟ ಹತ್ತಿ, ಬೋಗುಣಿಗೆ ಒಂದು ಹಿಡಿ ಮಂಡಕ್ಕಿ ಹಾಕಿ, ತಿನ್ನತೊಡಗಿದಳು. ಹೊಟ್ಟೆ ತುಂಬಿತು, ದವಡೆ ನೋಯಿತು, ಮಂಡಕ್ಕಿ ಮುಗಿಯಲಿಲ್ಲ. ಇನ್ನು ತಿನ್ನಲಾರೆ ಎಂದು ಕೈ ಕೊಡವಿದಾಗಷ್ಟೇ ತಳ ಕಂಡಿತು. ಮಾಲು ಅಸಲಿ.

ನಕಲಿಗೆ ಅವಳು ಆರಿಸಿದ್ದು ಕಲಾಯಿ ಹಾಕುವ ರೌಫ್ ಚಾಚಾನನ್ನು. ಅವರ ಅಂಗಡಿಯ ಹಿಂದೆ ಹಳೇ ಪಾತ್ರೆಗಳ ಗುಡ್ಡವೇ ಇತ್ತು. ಚಾಚಾ ಬೋಗುಣಿಯನ್ನು ತಿರುಗಿಸಿ, ಬೆರಳ ಗೆಣ್ಣಿನಿಂದ ಬಡಿದು, ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

“ಇದು ಈ ಕಾಲದ ಮಾಲಲ್ಲ ಬೇಟಿ. ಎಲ್ಲಿದು?”

“ಸ್ಕೂಲ್ ನಾಟಕಕ್ಕೆ ಚಾಚಾ.”

“ನಾಟಕಕ್ಕೆ ಒಂದು ಸಾಕಲ್ಲ. ಎರಡು ಯಾಕೆ?”

“ಒಂದು ರಿಹರ್ಸಲ್‌ಗೆ.”

ಚಾಚಾ ಮತ್ತೇನೂ ಕೇಳಲಿಲ್ಲ. ಅವರು ಕೇಳದೆ ಇದ್ದದ್ದೇ ನಯನಾಳಿಗೆ ಅನುಮಾನ ತಂದಿತು. ಅವರ ಮಗ ಅಕೀಬ್ ಅವಳ ತರಗತಿಯವನು. ಅವನ ವಿಜ್ಞಾನದ ಪ್ರಾಜೆಕ್ಟನ್ನು ರಜೆಯೊಳಗೆ ತಾನೇ ಮಾಡಿಕೊಡುವುದಾಗಿ ಒಪ್ಪಿ ಅವನ ಬಾಯಿ ಮುಚ್ಚಿಸಿ, ಚಾಚಾನ ಕೂಲಿಯನ್ನೂ ಅದರಲ್ಲೇ ತೀರಿಸಿದಳು. ಅದೇ ಅಳತೆಯ ಹಳೇ ಬೋಗುಣಿಯೊಂದು ಗುಡ್ಡದಲ್ಲೇ ಸಿಕ್ಕಿತು. ಚಾಚಾ ಅದನ್ನು ತಟ್ಟಿ, ಕಂಠದ ಗೆರೆ ತಿದ್ದಿ, ಹೊಟ್ಟೆಯ ಮೇಲಿದ್ದ ತಗ್ಗನ್ನೂ ಅಲ್ಲೇ ಮೂಡಿಸಿದರು. ಪಕ್ಕಪಕ್ಕದಲ್ಲಿ ಇಟ್ಟಾಗ ನಯನಾಳಿಗೇ ಗಾಬರಿಯಾಗಿ, ಅಸಲಿಯನ್ನು ಎತ್ತಿ ತಕ್ಷಣ ಚೀಲಕ್ಕೆ ಹಾಕಿಕೊಂಡಳು. ಅದು ಅಟ್ಟದ ಮೂಲೆಗೆ, ಯಾರೂ ಮುಟ್ಟದ ಹಳೇ ಹಾಸಿಗೆಯ ಹಿಂದಕ್ಕೆ ಹೋಯಿತು.

ಕುಬುಸದ ದಿನ ಮನೆಮಂದಿಯೆಲ್ಲ ಹೋಳಿಗೆಯ ಬುಟ್ಟಿ, ಹಸಿರು ಸೀರೆ, ಹೂವು, ಹಣ್ಣು ಹೊತ್ತು ಹರಿಹರಕ್ಕೆ ಹೋದರು. ನಯನಾಳ ಚೀಲದಲ್ಲಿ ನಕಲಿ ಇತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಕೆಂಪು ಬಟ್ಟೆಯಲ್ಲಿ ಕಟ್ಟಿದ್ದಳು. ಅತ್ತೆಯ ಮನೆಯ ಅಡುಗೆಕೋಣೆಯಲ್ಲಿ ಅಜ್ಜಿಯ ಕೈ ಆ ಚೀಲಕ್ಕೆ ತಗುಲಿತು.

“ಇದು ಯಾರ್ದೆ ಬೋಗುಣಿ?”

ಇದಕ್ಕೂ ಅವಳು ಸಿದ್ಧಳಾಗಿದ್ದಳು. “ಇಲ್ಲಿ ನಮ್ ಗೆಳತಿ ಮನೇದು ಅಜ್ಜಿ. ತಿರುಗಿ ಕೊಡ್ಬೇಕು.” ಎಷ್ಟು ನಿಜಕ್ಕೆ ಹತ್ತಿರದ ಸುಳ್ಳು! ಒಳಗೊಳಗೇ ಅವಳಿಗೆ ಹೆಮ್ಮೆಯಾಯಿತು.

“ಹಂಗಾದ್ರೆ ಈಗ್ಲೇ ಕೊಟ್ಟು ಬಾ. ಮಂದಿ ಪಾತ್ರೆ ಇಟ್ಕಬಾರ್ದು.”

ಅಜ್ಜಿಯ ಮುಖವನ್ನು ನಯನಾ ಸೂಕ್ಷ್ಮವಾಗಿ ಗಮನಿಸಿದಳು. ಸಂಶಯದ ಒಂದು ಗೆರೆಯೂ ಇರಲಿಲ್ಲ. ಹೊರಬಾಗಿಲಿಗೆ ಹೋಗಿ, ಬೀದಿಯಲ್ಲಿ ಯಾರಾದರೂ ಕಾಯುತ್ತಿದ್ದಾರೆಯೇ ಎಂದು ಎರಡೂ ಕಡೆ ಇಣುಕಿದಳು. ಚಪ್ಪಲಿ ಮೆಟ್ಟಿದಳು. ವೀರೇಶ ತನ್ನ ಕಡೆಗೇ ನೋಡುತ್ತಿದ್ದಾನೆ ಅನಿಸಿತು; ಅವನು ನೋಡುತ್ತಿದ್ದದ್ದು ಮೊಬೈಲು. ಅಷ್ಟರಲ್ಲಿ ಅಜ್ಜಿ ಚೀಲವನ್ನು ತಾನೇ ತಂದು ಅವಳ ಕೈಗೆ ಕೊಟ್ಟಳು.

ದಾರಿಯಲ್ಲಿ ಚೀಲ ಬೆಳಗಿಗಿಂತ ಒಂದು ತೂಕ ಹೆಚ್ಚಾಗಿದೆ ಅನಿಸಿತು. ಮುಟ್ಟಿದರೆ ಸ್ವಲ್ಪ ಬೆಚ್ಚಗೂ ಇತ್ತು. ಬಿಸಿಲು, ಎಂದುಕೊಂಡಳು. ತಪ್ಪು ಮಾಡುವವರಿಗೆ ಕೈಯಲ್ಲಿರುವುದೆಲ್ಲ ಭಾರ, ದಡ್ಡ ಕಳ್ಳರು ಇಂಥಲ್ಲೇ ಹೆದರಿ ಗಂಟು ಬಿಚ್ಚಿ ನೋಡುತ್ತಾರೆ, ಆಗಲೇ ಯಾರೋ ಕಾಣುತ್ತಾರೆ. ನಯನಾ ಬಿಚ್ಚಲಿಲ್ಲ. ಮಡುವಿನ ದಂಡೆಯಲ್ಲಿ ಕೂತು ಗಂಟನ್ನು ನೀರಿಗೆ ಚಾಚಿದಳು. ಹಸಿರು ಬಳೆಯ ಕೈಯೊಂದು ಮೇಲೆ ಬಂದು ತೆಗೆದುಕೊಂಡಿತು. ಯಾವ ಪ್ರಶ್ನೆಯೂ ಬರಲಿಲ್ಲ. ನೀರು ಮುಚ್ಚಿಕೊಂಡಿತು.

ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂಬ ಸಂಶಯದಿಂದಲೇ ಅವಳು ಆವತ್ತು ಕುಬುಸದ ಊಟ ಮಾಡಿದಳು. ಹೋಳಿಗೆ ಅವಳವರೆಗೆ ಬರಲಿಲ್ಲ. ಮೊದಲ ಬಾರಿಗೆ ಅವಳಿಗೆ ಅದರಿಂದ ಬೇಸರವಾಗಲಿಲ್ಲ.

ಮರುದಿನ ಮಧ್ಯಾಹ್ನ ದಾವಣಗೆರೆಗೆ ಮರಳಿದ್ದ ಮನೆಯವರೆಲ್ಲ ದಣಿದು ಮಲಗಿದ್ದರು. ಅಜ್ಜಿಯೊಬ್ಬಳು ಅಡುಗೆಕೋಣೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದಳು. ನಯನಾ ಅಟ್ಟ ಹತ್ತಬೇಕೆಂದು ಎದ್ದಾಗ ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು. ಲಂಗದಿಂದ ನೀರು ಇಳಿದು ಹೊಸ್ತಿಲ ಮುಂದಿನ ರಂಗೋಲಿ ಕದಡುತ್ತಿತ್ತು.

“ನಮ್ಮ ಬೋಗುಣಿ ಕೊಡು.”

“ನಿನ್ನೇನೇ ಕೊಟ್ಟೀನಲ್ಲ. ನಿನ್ನ ಕೈಗೇ ಕೊಟ್ಟೆ.”

“ಅದು ನಮ್ದಲ್ಲ.”

ನಯನಾ ಬಾಗಿಲಿಗೆ ಅಡ್ಡ ನಿಂತಳು. ಈ ಮಾತುಕತೆಯನ್ನು ಕನ್ನಡಿಯ ಮುಂದೆ ಆಡಿ ನೋಡಿದ್ದಳು. “ಹೆಂಗೆ ಹೇಳ್ತಿ? ಹೊಟ್ಟೆ ಮ್ಯಾಲೆ ತಗ್ಗು ಇಲ್ವಾ? ಕಂಠದಾಗೆ ಗೆರೆ ಇಲ್ವಾ?”

“ಎಲ್ಲಾ ಐತೆ.”

“ಮತ್ತೆ? ಖಾಲಿ ಬೋಗುಣಿ ನೋಡಿ ಯಾರದು ಅಂತ ಹೆಂಗೆ ಗೊತ್ತಾಗುತ್ತೆ?”

ಹುಡುಗಿಯ ಹುಬ್ಬು ಮೇಲೇರಿತು. “ಖಾಲಿನಾ?”

ದನಿ ಕೇಳಿ ಅಜ್ಜಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ಓ, ಇವಳ ಹರಿಹರದ ಗೆಳತಿ ನೀನೇನಾ? ಬಾ ತಾಯಿ, ಒಳಗೆ ಕೂಡು ಬಾ. ಹೋಳಿಗೆ ಹೆಂಗಿದ್ವು? ಇವಳು ಚಪ್ಪಲಿ ಮೆಟ್ಟೋದ್ರಾಗೆ ನಾನೇ ಗಂಟು ಬಿಚ್ಚಿ ಕೈಗೆ ಸಿಕ್ಕ ಆರು ಇಟ್ಟು ಕಟ್ಟಿದ್ದೆ. ಮಂದಿ ಬೋಗುಣಿ ಖಾಲಿ ಕೊಡಾಕಾಗುತ್ತಾ?” ಹುಡುಗಿ ನಯನಾಳ ಮುಖದಿಂದ ಕಣ್ಣು ತೆಗೆಯದೆ, “ಚೆನ್ನಾಗಿದ್ವಂತೆ ಅಜ್ಜಿ,” ಎಂದಳು. “ಅಕ್ಕಗಳು ಆರು ಜನ ಒಂದೊಂದು ತಿಂದ್ರು. ನನ್ನ ಸರದಿ ಬರೋ ಹೊತ್ತಿಗೆ ತಳ ಕಾಣ್ತು.” ಅಸಲಿ ಬೋಗುಣಿ ಆ ಸಂಜೆಯೇ ಹೊಳೆಗೆ ಹೋಯಿತು. ನಯನಾ ಈಗ ಪ್ರತಿ ಭಾನುವಾರ ಹರಿಹರಕ್ಕೆ ಹೋಗಿ ಅಕ್ಕಗಳ ಪಾತ್ರೆ ತಿಕ್ಕಿ ಬರುತ್ತಾಳೆ.