ಯಾರಿಗೂ ಹೇಳದ ಜಾಗ

"ಯಾರ್ರೀ ನಿಮಗೆ ಈ ಜಾಗ ತೋರಿಸಿದ್ದು?"

ಆ ಗರ್ಜನೆಗೆ ಸೈಮಿ ತಿರುಗಿ ನೋಡಿದಳು. ಮೊಣಕಾಲುದ್ದ ರಬ್ಬರ್ ಬೂಟು, ಕೈಯಲ್ಲಿ ಖಾಲಿ ಬಕೆಟ್, ಕೆಂಡದಂಥ ಕಣ್ಣು. ಮರದ ದಿಮ್ಮಿಯ ಲಾರಿ ಓಡಿಸುವ ಓಸ್ಮೋ!

ಅವಳ ಹಿಂದೆ ಜೌಗಿನಲ್ಲಿ ಪಟ್ಟಣದ ಗಂಡ ಹೆಂಡತಿ ಒಂದೇ ಬಕೆಟ್ಟಿನ ಹಿಡಿಯನ್ನು ಇಬ್ಬರೂ ಹಿಡಿದು, ಜೌಗಿನಲ್ಲಷ್ಟೇ ಬೆಳೆಯುವ ಹೊಂಬಣ್ಣದ ಹಿಲ್ಲಾ ಹಣ್ಣು ಕೀಳುತ್ತಿದ್ದರು. ಹನ್ನೊಂದು ವರ್ಷದ ಸಂಸಾರ, ಎಂಟು ತಿಂಗಳ ಮೌನ. ಊರ ಆಡಳಿತದ ಆಪ್ತಸಮಾಲೋಚಕಿ ಸೈಮಿಯ ಕ್ರಮ ಹೀಗೇ. ನಿದ್ದೆ, ಊಟ, ಉಸಿರು, ಮುನಿಸು... ಎಲ್ಲವನ್ನೂ ಒಟ್ಟಿಗೇ ಕೇಳುತ್ತಾಳೆ, ಅದೂ ಕಾಡಿನಲ್ಲಿ ನಡೆಯುತ್ತಾ. ಒಬ್ಬರು ಹಿಡಿ ಬಿಟ್ಟರೆ ಹಣ್ಣೆಲ್ಲ ನೆಲದ ಪಾಲು. ಹಾಗಾಗಿ ಮಾತಾಡಲೇಬೇಕು!

"ಕಾಡು ನಿಮ್ಮಪ್ಪಂದಾ?" ಸೈಮಿಯೂ ಬಿಡಲಿಲ್ಲ. "ಯಾರು ಎಲ್ಲಿ ಬೇಕಾದ್ರೂ ಹಣ್ಣು ಕೀಳಬಹುದು ಅಂತ ಕಾನೂನೇ ಇದೆ."

"ಕಾಡಲ್ಲ... ಈ ಜಾಗ ನಮ್ಮಪ್ಪಂದೇ." ಅವನ ದನಿ ತಟ್ಟನೆ ಇಳಿಯಿತು. "ಹೇಳದೇ ಹೋಗ್ಬಿಟ್ಟ. ಮೂರು ಬೇಸಿಗೆ ಹುಡುಕಿ ಇವತ್ತು ಸಿಕ್ತು. ಆ ಕೊಂಬೇಲಿ ನೇತಾಡ್ತಿದೆ ನೋಡಿ, ಅವನ ಮರದ ಲೋಟ."

ಸೈಮಿಯ ಸಿಟ್ಟು ಅಲ್ಲೇ ಕರಗಿತು. ನಮ್ಮ ಫಿನ್‌ಲ್ಯಾಂಡಿನಲ್ಲಿ ಕಾನೂನು ಏನೇ ಹೇಳಲಿ, ಹಿಲ್ಲಾ ಸಿಗುವ ಜಾಗವನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಓಸ್ಮೋನ ಅಪ್ಪ ಹೆತ್ತ ಮಗನಿಗೂ "ಮುಂದಿನ ವರ್ಷ ತೋರಿಸ್ತೀನಿ" ಎನ್ನುತ್ತಲೇ ಕಣ್ಣು ಮುಚ್ಚಿದ್ದ.

"ದಾರಿ ತಪ್ಪಿ ಬಂದೆ. ಇವರಿಗಂತೂ ದಿಕ್ಕೇ ಗೊತ್ತಿಲ್ಲ. ನನ್ನ ಬಾಯಿಂದ ಈ ಜಾಗ ಹೊರಗೆ ಬರಲ್ಲ. ಮಾತು ಕೊಡ್ತೀನಿ."

ಅಷ್ಟರಲ್ಲಿ ಆ ಗಂಡ ರೈಮೋ, ಸೈಮಿ ನಿಲ್ಲಿಸಿದ ಕಡೆ ನಿಲ್ಲದೆ ಸಿಟ್ಟಿನಿಂದ ಹಿಡಿ ಬಿಟ್ಟು ಓಡಿ ಮೊಣಕಾಲವರೆಗೆ ಹೂತುಹೋದ. ಎಳೆದು ಹಾಕಿದವನು ಓಸ್ಮೋ. ಬೂಟು ಮಾತ್ರ ಕೆಸರಲ್ಲೇ ಉಳಿಯಿತು.

ಮರುದಿನ ಕಾಡಂಚಿನಲ್ಲಿ ಸೈಮಿ ಕಾಫಿಗೆ ಬೆಂಕಿ ಹಾಕಿದಾಗ ಓಸ್ಮೋ ಬಂದು ಕೂತ. ಕಾಫಿಗೆ ಲೋಟ ಚಾಚಿದ. ನಾಲ್ಕನೆಯ ದಿನ, "ಅಪ್ಪ ತುಂಬಾ ಬೈತಿದ್ದ" ಎಂದು ಹೇಳಿ ಗೊಳೋ ಎಂದು ಅತ್ತುಬಿಟ್ಟ. ಹತ್ತನೆಯ ದಿನ ಕೇಳಿದ, "ಎಲ್ಲರನ್ನೂ ಕೇಳ್ತೀಯಲ್ಲ ಸೈಮಿ... ನೀನು ಹೇಗಿದೀಯಾ?"

ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳ ಕಣ್ಣು ತುಂಬಿತು. 'ಅಯ್ಯೋ, ಇವನು ಮನಸ್ಸಿಗೇ ಕೈ ಹಾಕ್ತಿದಾನಲ್ಲ!'

ಆ ವಾರವೇ ಊರ ಆಡಳಿತದ ನೋಟಿಸ್ ಬಂತು. ಅಪಾಯದ ಜೌಗಿಗೆ ಜನರನ್ನು ಕರೆದೊಯ್ದ ಆರೋಪ! ದೂರು ಕೊಟ್ಟವರ ಹೆಸರಿಲ್ಲ. ಜೌಗಿನ ವಿಷಯ ಊರಲ್ಲಿ ಗೊತ್ತಿದ್ದವನು ಒಬ್ಬನೇ.

"ನೀನೇನಾ ಓಸ್ಮೋ?"

ಅವನು ಲೋಟ ಕೆಳಗಿಟ್ಟು ಎದ್ದು ಹೋದ.

'ಅಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ...' ಅವಳ ಎದೆ ಉರಿಯಿತು.

ವಿಚಾರಣೆಯ ದಿನ ಸಮಿತಿಯ ಅಧ್ಯಕ್ಷೆ ಲೆಂಪಿ ಮೇಜಿನ ಮೇಲೆ ನಕ್ಷೆ ಹಾಸಿದಳು. ಎದುರಿಗೆ ಅರ್ಧ ಊರೇ ಕೂತಿತ್ತು.

"ಜಾಗ ತೋರಿಸು. ನೆಲ ಗಟ್ಟಿ ಇದ್ರೆ ನಿನ್ನ ಕೆಲಸ ಮುಂದುವರಿಯುತ್ತೆ. ಇಲ್ಲಾಂದ್ರೆ ಸೋಮವಾರದಿಂದ ಕಾಡು ಬಿಟ್ಟು ಕೋಣೇಲಿ ಕೂತ್ಕೋ."

"ತೋರಿಸಲ್ಲ."

"ಏನಂದೆ?"

"ತೋರಿಸಲ್ಲ ಅಂದೆ. ಮಾತು ಕೊಟ್ಟಿದೀನಿ. ಅವನು ನನಗೆ ದ್ರೋಹ ಮಾಡಿರಲಿ, ಬಿಡಲಿ, ಕೊಟ್ಟ ಮಾತು ನಂದು!"

"ಕೆಲಸ ಹೋಗುತ್ತಮ್ಮಾ."

"ಹೋಗ್ಲಿ! ಒಬ್ಬರ ಗುಟ್ಟು ಬಯಲು ಮಾಡಿ, ನಾಳೆ ಯಾವ ಮುಖ ಇಟ್ಕೊಂಡು ಇನ್ನೊಬ್ಬರ ಗುಟ್ಟು ಕೇಳಲಿ? ಕೋಣೇಲೂ ಕೂರಲ್ಲ ಮೇಡಂ. ನಾಲ್ಕು ವರ್ಷ ಕೂತು ನೋಡಿದೀನಿ. ಅಲ್ಲಿ ಜನ ಗಡಿಯಾರ ನೋಡ್ತಾರೆ, ಬಾಯಿ ಬಿಡಲ್ಲ."

"ಹಾಗಾದ್ರೆ ರೈಮೋ ಅವರ ದೂರಿಗೆ ಉತ್ತರ ಇಲ್ಲ ಅಂತ ಬರ್ಕೊಳ್ತೀನಿ."

ರೈಮೋ! ಹಾಗಾದರೆ ದೂರು ಓಸ್ಮೋನದಲ್ಲ!

ಹಿಂದಿನ ಸಾಲಿನಿಂದ ಓಸ್ಮೋ ಎದ್ದು ಬಂದ. ಯಾರ ಮುಖವನ್ನೂ ನೋಡದೆ ಪೆನ್ನು ಎತ್ತಿಕೊಂಡ.

"ಓಸ್ಮೋ, ಬೇಡ! ಎಲ್ಲರೂ ನೋಡ್ತಿದಾರೆ..."

"ನೋಡ್ಲಿ."

ನಕ್ಷೆಯ ಮೇಲೆ ದೊಡ್ಡ ಗುರುತು ಹಾಕಿದ. "ಇಲ್ಲೇ. ಇವಳು ನಿಲ್ಲಿಸಿದ ನೆಲ ಗಟ್ಟಿಯಾಗೇ ಇದೆ. ಬೇಕಾದ್ರೆ ಹೋಗಿ ಕುಣಿದು ನೋಡಿ."

ಹಿಂದಿದ್ದವರು ಕತ್ತು ಉದ್ದ ಮಾಡಿದರು. ಲೆಂಪಿಯೂ ಮೆಲ್ಲಗೆ ಕನ್ನಡಕ ಏರಿಸಿಕೊಂಡಳು!

ನೆಲ ಗಟ್ಟಿಯಿತ್ತು. ಸೈಮಿಯ ಕೆಲಸ ಉಳಿಯಿತು. ಆದರೆ ಭಾನುವಾರದೊಳಗೆ ಊರಿಗೆ ಊರೇ ಹೋಗಿ ಆ ಜೌಗನ್ನು ಬೋಳಿಸಿಬಿಟ್ಟಿತ್ತು.

ಖಾಲಿ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಕೂತಿದ್ದ ಓಸ್ಮೋನ ಬಳಿ ಸೈಮಿ ಬಂದು ಕೂತಳು.

"ನಿನ್ನ ಮೇಲೆ ಅನುಮಾನ ಪಟ್ಟೆ. ತಪ್ಪಾಯ್ತು... ಅಲ್ಲ ಅಂತ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ದೇ ನೋವಾಯ್ತು. ಮಾತೇ ಹೊರಡಲಿಲ್ಲ."

"ಮತ್ತೆ ಅಪ್ಪನ ಜಾಗ ಯಾಕೆ ಕಳ್ಕೊಂಡೆ?"

"ಅಪ್ಪ ಮುಂದಿನ ವರ್ಷ ಅಂತಾ ಅಂತಾನೇ ಹೇಳದೇ ಹೋದ. ನಾನು ಹಾಗೆ ಹೋಗಲ್ಲ." ಅವನು ಬಕೆಟ್ ಪಕ್ಕಕ್ಕೆ ಸರಿಸಿದ. "ಸೈಮಿ... ನೀನಂದ್ರೆ ನಂಗೆ ಪ್ರಾಣ."

ಅವಳು ಕಣ್ಣೊರೆಸಿಕೊಂಡು ಎದ್ದಳು. "ಏಳು. ನಮ್ಮಜ್ಜಿ ಜಾಗ ಒಂದಿದೆ. ನಮ್ಮಮ್ಮಂಗೂ ಗೊತ್ತಿಲ್ಲ."

"ನಂಗೆ... ತೋರಿಸ್ತೀಯಾ?"

"ಹಿಡಿ ಬಕೆಟ್. ಆ ಕಡೆ ನೀನು, ಈ ಕಡೆ ನಾನು."

"ಕೈ ಬಿಟ್ರೆ?"

"ಬಿಟ್ಟು ನೋಡು!"